ಅಮೆರಿಕದ ಕಪ್ಪು ಜನರ ಸಾಹಿತ್ಯ: ಎಲ್ಲಿಂದ ಶುರು ಮಾಡಬೇಕು, ಏನನ್ನು ನೋಡಬೇಕು

"ವರ್ಣಭೇದದ ಬಗ್ಗೆ ಓದಬೇಕು ಅಂತಿದೆ, ಎಲ್ಲಿಂದ ಶುರು ಮಾಡಲಿ?" ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಎಂ.ಎ. ಓದುವವರು ಕೇಳುತ್ತಾರೆ. ನಿವೃತ್ತರಾಗಿ ಈಗ ಪುರುಸೊತ್ತು ಸಿಕ್ಕವರು ಕೇಳುತ್ತಾರೆ. ಅಮೆರಿಕದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರೂ ಕೇಳುತ್ತಾರೆ, ಮಗಳಿಗೆ ಶಾಲೆಯಲ್ಲಿ ಒಂದು ಕಾದಂಬರಿ ಕೊಟ್ಟಿರುತ್ತಾರೆ, ಮನೆಯಲ್ಲಿ ಅದರ ಬಗ್ಗೆ ಏನು ಮಾತಾಡಬೇಕೋ ತಿಳಿಯುವುದಿಲ್ಲ. ಇದರ ಹಿಂದೆಯೇ ಇನ್ನೊಂದು ಪ್ರಶ್ನೆ: "ಓದಿದೆ, ಕಣ್ಣೀರು ಬಂತು. ಅದರ ಮೇಲೆ ಏನು ಹೇಳಲಿ?"

ಎರಡಕ್ಕೂ ಸೇರಿಸಿ ಈ ಲೇಖನ. ಅಮೆರಿಕ ಒಂದನ್ನೇ ಇಟ್ಟುಕೊಂಡಿದ್ದೇನೆ. ದಕ್ಷಿಣ ಆಫ್ರಿಕಾ, ಬ್ರಿಟನ್, ಬ್ರೆಜಿಲ್ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋದರೆ ಏನೂ ಕೈಗೆ ಹತ್ತುವುದಿಲ್ಲ. ನನ್ನ ಸಲಹೆಯ ತಿರುಳು ಇಷ್ಟು: ಕೆಟ್ಟವನು ಯಾರು ಎಂದು ಹುಡುಕುತ್ತಾ ಓದಿದರೆ ಈ ಪುಸ್ತಕಗಳು ಅರ್ಧ ಮಾತ್ರ ಸಿಗುತ್ತವೆ. ತಾರತಮ್ಯ ನಡೆಯಲು ಯಾರು ಯಾರು ಏನೇನು ಏರ್ಪಾಡು ಮಾಡಿದ್ದಾರೆ ಎಂದು ನೋಡುತ್ತಾ ಓದಿ.

ಮೊದಲು ಬೇಕಾದದ್ದು

ಒಂದು ನೋಟ್‌ಬುಕ್, ಪಿಯುಸಿ ಮಟ್ಟದ ಇಂಗ್ಲಿಷ್, ಸ್ವಲ್ಪ ತಾಳ್ಮೆ. ದುಡ್ಡು ಸದ್ಯಕ್ಕೆ ಬೇಡ. 1900ರ ಆಸುಪಾಸಿನ ತನಕದ ಮುಖ್ಯ ಪುಸ್ತಕಗಳ ಹಕ್ಕುಸ್ವಾಮ್ಯ ಮುಗಿದಿದೆ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಲಿಬ್ರಿವಾಕ್ಸ್‌ನಲ್ಲಿ ಕೇಳಲೂ ಸಿಗುತ್ತವೆ. ಕನ್ನಡ ಅನುವಾದ ಸಿಕ್ಕಿದರೆ ಖಂಡಿತ ಓದಿ. ಆದರೆ ಅದು ಪೂರ್ತಿ ಅನುವಾದವೋ ಸಂಗ್ರಹವೋ ಎಂದು ಮೊದಲ ಪುಟಗಳಲ್ಲಿ ನೋಡಿಕೊಳ್ಳಿ. ಸಂಗ್ರಹದಲ್ಲಿ ಕಥೆ ಉಳಿದಿರುತ್ತದೆ, ನಾವು ನೋಡಬೇಕಾದ ಸಣ್ಣ ಸಣ್ಣ ವಿವರಗಳೇ ಹೋಗಿರುತ್ತವೆ.

ಹೆಸರಿನ ವಿಷಯವನ್ನೂ ಈಗಲೇ ಮುಗಿಸಿಬಿಡೋಣ. ಹಳೆಯ ಪುಸ್ತಕಗಳಲ್ಲಿ ಕಪ್ಪು ಲೇಖಕರೇ "ನೀಗ್ರೋ" ಎಂದು ಬರೆದುಕೊಂಡಿದ್ದಾರೆ. ಇವತ್ತು ನೀವು ಬರೆಯುವಾಗ ಅದು ಬೇಡ. ಕಪ್ಪು ಜನ, ಆಫ್ರಿಕನ್ ಅಮೆರಿಕನ್ನರು ಎಂದರೆ ಸಾಕು.

ಹಂತ 1: ಒಂದು ಪುಟದಲ್ಲಿ ಇಸವಿಗಳನ್ನು ಬರೆದುಕೊಳ್ಳಿ

ಇದು ಬೇಸರದ ಕೆಲಸ, ಆದರೆ ಒಂದೇ ಸಲ ಮಾಡಿದರೆ ಆಯಿತು. 1619: ಇಂಗ್ಲಿಷರ ವಸಾಹತಾಗಿದ್ದ ವರ್ಜೀನಿಯಾಕ್ಕೆ ಆಫ್ರಿಕಾದ ಜನರನ್ನು ಸೆರೆಯಾಳುಗಳಾಗಿ ತಂದದ್ದು. 1850: ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳಿಂದಲೂ ಹಿಡಿದು ಕೊಡಬೇಕೆಂಬ ಬಿಗಿ ಕಾಯ್ದೆ. 1865: ಅಂತರ್ಯುದ್ಧ ಮುಗಿದು, ಸಂವಿಧಾನದ 13ನೇ ತಿದ್ದುಪಡಿಯಿಂದ ಗುಲಾಮಗಿರಿ ರದ್ದು. 1896: "ಬೇರೆ ಬೇರೆ, ಆದರೆ ಸಮಾನ" ಎಂಬ ನೆಪದಲ್ಲಿ ರೈಲು ಡಬ್ಬಿಗಳನ್ನು ಬೇರೆ ಮಾಡುವುದು ಸರಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು. 1954: ಶಾಲೆಗಳ ವಿಷಯದಲ್ಲಿ ಅದೇ ಕೋರ್ಟ್ ಆ ವಾದವನ್ನು ತಳ್ಳಿಹಾಕಿದ್ದು. 1964 ಮತ್ತು 1965: ನಾಗರಿಕ ಹಕ್ಕುಗಳ ಕಾಯ್ದೆ, ಮತದಾನದ ಹಕ್ಕಿನ ಕಾಯ್ದೆ.

ಗುಲಾಮಗಿರಿ ಹೋದ ಮೇಲೆ ದಕ್ಷಿಣದ ರಾಜ್ಯಗಳಲ್ಲಿ ಬಂದ ಪ್ರತ್ಯೇಕತೆಯ ಕಾನೂನುಗಳಿಗೆ ಒಟ್ಟಾರೆ "ಜಿಮ್ ಕ್ರೋ" ಎನ್ನುತ್ತಾರೆ. ನಲ್ಲಿ, ಬಸ್ಸು, ಶಾಲೆ, ಆಸ್ಪತ್ರೆ ಎಲ್ಲವೂ ಬೇರೆ. ಇದರಿಂದ ತಪ್ಪಿಸಿಕೊಳ್ಳಲು, ಕೆಲಸ ಹುಡುಕಲು 1910ರ ದಶಕದಿಂದ 1970ರ ತನಕ ಸುಮಾರು 60 ಲಕ್ಷ ಕಪ್ಪು ಜನ ದಕ್ಷಿಣ ಬಿಟ್ಟು ಷಿಕಾಗೋ, ನ್ಯೂಯಾರ್ಕ್, ಡೆಟ್ರಾಯಿಟ್ ಕಡೆ ಹೊರಟರು. ಇದನ್ನು "ಮಹಾ ವಲಸೆ" ಎನ್ನುತ್ತಾರೆ. ಇಪ್ಪತ್ತನೇ ಶತಮಾನದ ಅರ್ಧ ಕಾದಂಬರಿಗಳು ಈ ರೈಲು ಹತ್ತಿದವರ ಕಥೆಗಳೇ.

ಎಡವುವ ಜಾಗ: ಪುಸ್ತಕ ಬಂದ ಇಸವಿಯನ್ನೂ ಕಥೆ ನಡೆಯುವ ಇಸವಿಯನ್ನೂ ಕಲಸಿಕೊಳ್ಳುವುದು. ಹಾರ್ಪರ್ ಲೀ ಅವರ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಬಂದದ್ದು 1960ರಲ್ಲಿ, ಕಥೆ 1930ರ ದಶಕದ್ದು. ಟೋನಿ ಮಾರಿಸನ್ ಅವರ 'ಬಿಲವೆಡ್' ಬಂದದ್ದು 1987ರಲ್ಲಿ, ಕಥೆ ಶುರುವಾಗುವುದು 1873ರಲ್ಲಿ. ಪ್ರತಿ ಪುಸ್ತಕದ ಒಳಹಾಳೆಯಲ್ಲಿ ಎರಡೂ ಇಸವಿ ಬರೆದಿಡಿ. ಲೇಖಕರು ಅಷ್ಟು ಹಿಂದಕ್ಕೆ ಯಾಕೆ ಹೋದರು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ.

ಹಂತ 2: ಅನುಭವಿಸಿದವರ ಮಾತಿನಿಂದ ಶುರು ಮಾಡಿ

ಕಾದಂಬರಿ ಆಮೇಲೆ. ಮೊದಲ ಪುಸ್ತಕವಾಗಿ ನಾನು ಹೇಳುವುದು ಫ್ರೆಡರಿಕ್ ಡಗ್ಲಸ್ 1845ರಲ್ಲಿ ಪ್ರಕಟಿಸಿದ ಆತ್ಮಕಥೆ. ನೂರು ಚಿಲ್ಲರೆ ಪುಟ, ನೇರವಾದ ಭಾಷೆ. ಇಂಥವನ್ನು "ಸ್ಲೇವ್ ನರೇಟಿವ್" ಎಂದು ಕರೆಯುತ್ತಾರೆ, ಅಂದರೆ ಗುಲಾಮರಾಗಿದ್ದವರು ತಾವೇ ಹೇಳಿದ ಬದುಕಿನ ಕಥೆ. ಡಗ್ಲಸ್ ಮೇರಿಲ್ಯಾಂಡಿನಲ್ಲಿ ಗುಲಾಮರಾಗಿ ಹುಟ್ಟಿ 1838ರಲ್ಲಿ ತಪ್ಪಿಸಿಕೊಂಡವರು.

ಚಾಟಿ ಏಟಿನ ಪುಟಗಳು ನಿಮ್ಮನ್ನು ಹೇಗೂ ಹಿಡಿದು ನಿಲ್ಲಿಸುತ್ತವೆ. ಅವುಗಳಿಗೆ ನನ್ನ ಸಹಾಯ ಬೇಡ. ಬೇರೆ ಕೆಲವು ಜಾಗಗಳಲ್ಲಿ ನಿಧಾನ ಮಾಡಿ.

ಪುಸ್ತಕ ಶುರುವಾಗುವುದೇ ತನ್ನ ವಯಸ್ಸು ಎಷ್ಟು ಎಂದು ತನಗೆ ಗೊತ್ತಿಲ್ಲ ಎಂಬ ಮಾತಿನಿಂದ. ಬಿಳಿ ಮಕ್ಕಳಿಗೆ ಅವರವರ ವಯಸ್ಸು ಗೊತ್ತಿತ್ತು, ತಾನು ಯಜಮಾನನನ್ನು ಕೇಳುವ ಹಾಗೂ ಇರಲಿಲ್ಲ ಎನ್ನುತ್ತಾರೆ. ಏಟಿಲ್ಲ, ಬೈಗುಳವಿಲ್ಲ. ಆದರೆ ಒಬ್ಬ ಮನುಷ್ಯನ ಲೆಕ್ಕವನ್ನು ದನದ ಲೆಕ್ಕದ ಪಕ್ಕಕ್ಕೆ ಇಟ್ಟ ಏರ್ಪಾಡು ಅಲ್ಲೇ ಇದೆ.

ಇನ್ನೊಂದು, ಓದು ಕಲಿತ ಭಾಗ. ಬಾಲ್ಟಿಮೋರ್‌ನಲ್ಲಿ ಯಜಮಾನಿ ಹುಡುಗನಿಗೆ ಅಕ್ಷರ ಹೇಳಿಕೊಡಲು ಶುರು ಮಾಡುತ್ತಾಳೆ. ಗಂಡ ತಡೆಯುತ್ತಾನೆ: ಓದು ಕಲಿತವನು ಗುಲಾಮನಾಗಿ ಉಳಿಯುವುದಿಲ್ಲ. ಆ ಮಾತು ಕೇಳಿಸಿಕೊಂಡ ಹುಡುಗನಿಗೆ ಬಿಡುಗಡೆಯ ದಾರಿ ಯಾವುದು ಎಂದು ಆಗಲೇ ಗೊತ್ತಾಗುತ್ತದೆ. ಆಮೇಲೆ ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ಡು ಕೊಟ್ಟು ಅವರಿಂದ ಪಾಠ ಹೇಳಿಸಿಕೊಳ್ಳುತ್ತಾನೆ. ಹೊಟ್ಟೆಗಿಲ್ಲದ ಬಿಳಿ ಹುಡುಗರು, ಬ್ರೆಡ್ಡು ಇರುವ ಗುಲಾಮ ಹುಡುಗ. ಯಜಮಾನಿಯ ಮೇಲೂ ಕಣ್ಣಿಡಿ. ಒಳ್ಳೆಯ ಹೆಂಗಸಾಗಿ ಬಂದವಳು, ಇನ್ನೊಬ್ಬರನ್ನು ಆಳುವ ಅಧಿಕಾರ ಕೈಗೆ ಬಂದ ಮೇಲೆ ಹೇಗೆ ಕಲ್ಲಾಗುತ್ತಾಳೆ ಎಂದು ಡಗ್ಲಸ್ ತುಂಬ ಎಚ್ಚರದಿಂದ ಬರೆದಿದ್ದಾರೆ.

ಮತ್ತೆ, ಅವರು ಹೇಳದೆ ಬಿಟ್ಟದ್ದು. ಹೇಗೆ ತಪ್ಪಿಸಿಕೊಂಡೆ ಎಂದು 1845ರ ಪುಸ್ತಕದಲ್ಲಿ ಬರೆಯುವುದೇ ಇಲ್ಲ. ಬರೆದರೆ ಹಿಂದೆ ಬರುವವರ ದಾರಿ ಮುಚ್ಚಿಹೋಗುತ್ತದೆ ಎಂದು ಕಾರಣ ಕೊಡುತ್ತಾರೆ. ನಾವಿಕನ ವೇಷ ಹಾಕಿ, ಬೇರೆಯವರ ಗುರುತಿನ ಕಾಗದ ಇಟ್ಟುಕೊಂಡು ರೈಲು ಹತ್ತಿದ ಕಥೆಯನ್ನು ವಿವರವಾಗಿ ಪುಸ್ತಕದಲ್ಲಿ ಹೇಳಿದ್ದು 1881ರಲ್ಲಿ, ಗುಲಾಮಗಿರಿ ಹೋದ ಎಷ್ಟೋ ವರ್ಷಗಳ ಮೇಲೆ.

ಎಡವುವ ಜಾಗ: ಮುನ್ನುಡಿ ಹಾರಿಸಿ ಓದುವುದು. ಡಗ್ಲಸ್ ಬಾಯಿ ಬಿಡುವ ಮೊದಲೇ ಗ್ಯಾರಿಸನ್ ಎಂಬ ಬಿಳಿ ಹೋರಾಟಗಾರನ ಮುನ್ನುಡಿ ಇದೆ, ಫಿಲಿಪ್ಸ್ ಎಂಬ ಇನ್ನೊಬ್ಬ ಬಿಳಿಯನ ಪತ್ರ ಇದೆ. ನಮ್ಮಲ್ಲಿ ಮೊದಲ ಕವನ ಸಂಕಲನಕ್ಕೆ ಹಿರಿಯರಿಂದ ನಾಲ್ಕು ಮಾತು ಬರೆಸುತ್ತಾರಲ್ಲ, ಅಂಥದ್ದಲ್ಲ ಇದು. ಕಪ್ಪು ಮನುಷ್ಯನ ಮಾತು ನಿಜ ಎನ್ನಲು ಬಿಳಿಯನ ಜಾಮೀನು ಬೇಕಿತ್ತು. 1773ರಲ್ಲಿ ಫಿಲಿಸ್ ವೀಟ್ಲಿ ಎಂಬ ಗುಲಾಮ ಹುಡುಗಿಯ ಕವನಗಳು ಲಂಡನ್‌ನಲ್ಲಿ ಅಚ್ಚಾದಾಗ, ಇವನ್ನು ಬರೆದದ್ದು ಅವಳೇ ಎಂದು ಬಾಸ್ಟನ್ನಿನ 18 ಮಂದಿ ಗಣ್ಯರು ಸಹಿ ಹಾಕಿ ಕೊಡಬೇಕಾಯಿತು.

ಡಗ್ಲಸ್ ಮುಗಿದ ಮೇಲೆ ಹ್ಯಾರಿಯೆಟ್ ಜೇಕಬ್ಸ್ ಅವರ 1861ರ ಆತ್ಮಕಥೆಗೆ ಹೋಗಿ. ಹೆಣ್ಣಾಗಿ ಗುಲಾಮಳಾಗಿರುವುದು ಬೇರೆಯದೇ ನರಕ. ಯಜಮಾನನಿಂದ ತಪ್ಪಿಸಿಕೊಳ್ಳಲು ಅಜ್ಜಿಯ ಮನೆಯ ಅಟ್ಟದಲ್ಲಿ ಅಡಗುತ್ತಾರೆ. 9 ಅಡಿ ಉದ್ದ, 7 ಅಡಿ ಅಗಲ, ಎತ್ತರ ಹೆಚ್ಚೆಂದರೆ 3 ಅಡಿ. ಅಲ್ಲಿ ಸುಮಾರು ಏಳು ವರ್ಷ. ಸಣ್ಣ ತೂತಿನಿಂದ ತನ್ನ ಮಕ್ಕಳನ್ನೇ ನೋಡುತ್ತಾ ಕೂರುವ ತಾಯಿ. ಪುಸ್ತಕವನ್ನು ಅವರು ಲಿಂಡಾ ಬ್ರೆಂಟ್ ಎಂಬ ಹೆಸರಿನಲ್ಲಿ ತಂದರು. ಇದು ಕಾದಂಬರಿ, ಬರೆದದ್ದು ಬಿಳಿ ಸಂಪಾದಕಿ ಎಂದು ವಿದ್ವಾಂಸರು ಬಹಳ ಕಾಲ ನಂಬಿದ್ದರು. ಜೀನ್ ಫೇಗನ್ ಯೆಲಿನ್ ಎಂಬ ಸಂಶೋಧಕಿ 1980ರ ದಶಕದಲ್ಲಿ ಪತ್ರಗಳನ್ನು ಮುಂದಿಟ್ಟು ಇದು ಜೇಕಬ್ಸ್ ಅವರದೇ ಬದುಕು ಎಂದು ತೋರಿಸಿದರು. ಜಾಮೀನು ಕೇಳುವ ಅಭ್ಯಾಸ ಅಷ್ಟು ಸುಲಭಕ್ಕೆ ಹೋಗಲಿಲ್ಲ, ಅಲ್ವಾ?

ಹಂತ 3: ಕಥೆ ಹೇಳುತ್ತಿರುವುದು ಯಾರು ಎಂದು ಕೇಳಿ

ಹೆಚ್ಚಿನವರು ಶುರು ಮಾಡುವುದು ಬಿಳಿ ಲೇಖಕರು ಬರೆದ ಹೆಸರುವಾಸಿ ಪುಸ್ತಕಗಳಿಂದ. ಓದಬಾರದು ಎಂದಲ್ಲ. ಎರಡನೇ ಹಂತ ಮುಗಿಸಿ ಬಂದರೆ ಅವು ಬೇರೆ ಥರ ಕಾಣುತ್ತವೆ.

ಹ್ಯಾರಿಯೆಟ್ ಬೀಚರ್ ಸ್ಟೋವ್ ಅವರ 'ಅಂಕಲ್ ಟಾಮ್ಸ್ ಕ್ಯಾಬಿನ್' 1852ರಲ್ಲಿ ಪುಸ್ತಕವಾಗಿ ಬಂತು. ಮೊದಲ ವರ್ಷವೇ ಅಮೆರಿಕದಲ್ಲಿ 3 ಲಕ್ಷ ಪ್ರತಿ ಹೋಯಿತು. ಗುಲಾಮಗಿರಿಯ ವಿರುದ್ಧ ಜನರ ಮನಸ್ಸು ತಿರುಗಿಸಿದ ಪುಸ್ತಕ, ಅದರಲ್ಲಿ ಅನುಮಾನವಿಲ್ಲ. ಆದರೆ ಇವತ್ತು ಕಪ್ಪು ಜನರ ನಡುವೆ ಯಾರನ್ನಾದರೂ "ಅಂಕಲ್ ಟಾಮ್" ಎಂದರೆ ಅದು ಬೈಗುಳ, ಬಿಳಿಯರ ಮುಂದೆ ಬಾಗಿ ನಿಲ್ಲುವವನು ಎಂದು. ಈ ಹೆಸರು ಕೆಡಲು ನಾಟಕದ ಕಂಪನಿಗಳ ಪಾಲೂ ಇದೆ. ಪುಸ್ತಕದ ಟಾಮ್ ಓಡಿಹೋದ ಇಬ್ಬರು ಹೆಂಗಸರ ಸುಳಿವು ಕೊಡಲು ಒಪ್ಪದೆ ಏಟು ತಿಂದು ಸಾಯುತ್ತಾನೆ. ರಂಗದ ಮೇಲಿನ ಟಾಮ್ ಹಲ್ಲುಗಿಂಜುವ ಮುದುಕನಾದ. ಹಾಗೆಂದು ಪುಸ್ತಕಕ್ಕೆ ಪೂರ್ತಿ ಮಾಫಿ ಇಲ್ಲ. ಕಪ್ಪು ಲೇಖಕ ಜೇಮ್ಸ್ ಬಾಲ್ಡ್‌ವಿನ್ 1949ರ ಪ್ರಬಂಧದಲ್ಲಿ ಇದನ್ನು ಚೆನ್ನಾಗಿ ಝಾಡಿಸಿದ್ದಾರೆ. ಅತಿ ಭಾವುಕತೆ ಅಪ್ರಾಮಾಣಿಕತೆಯ ಗುರುತು ಎಂಬುದು ಅವರ ವಾದ. "ಕಣ್ಣೀರು ಬಂತು" ಎಂದು ಬರೆದು ಕೇಳುವವರು ಆ ಪ್ರಬಂಧವನ್ನು ಓದಲೇಬೇಕು.

ಮಾರ್ಕ್ ಟ್ವೇನ್ ಅವರ ಹಕಲ್‌ಬೆರಿ ಫಿನ್ ಕಾದಂಬರಿ (ಅಮೆರಿಕದಲ್ಲಿ 1885) ಇನ್ನೂ ತೊಡಕಿನದು. ಓಡಿಹೋದ ಗುಲಾಮ ಜಿಮ್‌ನನ್ನು ಹಿಡಿದುಕೊಡದಿದ್ದರೆ ನರಕಕ್ಕೆ ಹೋಗುತ್ತೇನೆ ಎಂದು ಹುಡುಗ ಹಕ್ ನಿಜವಾಗಿಯೂ ನಂಬಿದ್ದಾನೆ. ಚರ್ಚು, ಶಾಲೆ, ಕಾನೂನು ಎಲ್ಲ ಹಾಗೇ ಕಲಿಸಿವೆ. ಜಿಮ್ ಎಲ್ಲಿದ್ದಾನೆ ಎಂದು ಅವನ ಯಜಮಾನಿಗೆ ಬರೆದಿದ್ದ ಪತ್ರವನ್ನು ಕೊನೆಗೆ, ಸರಿ, ನರಕಕ್ಕೇ ಹೋಗುತ್ತೇನೆ ಎಂದುಕೊಂಡು ಹರಿಯುತ್ತಾನೆ. ಅನ್ಯಾಯ ಹೇಗೆ ಒಳ್ಳೆಯತನದ ವೇಷದಲ್ಲಿ ಕೂತಿರುತ್ತದೆ ಎಂದು ತೋರಿಸುವ ಇಷ್ಟು ಒಳ್ಳೆಯ ಪುಟ ಕಡಿಮೆ. ಆದರೆ ಅದೇ ಪುಸ್ತಕದ ಕೊನೆಯ ಅಧ್ಯಾಯಗಳಲ್ಲಿ ಹಕ್‌ನ ಗೆಳೆಯ ಟಾಮ್ ಸಾಯರ್ ಜಿಮ್‌ನ ಬಿಡುಗಡೆಯನ್ನೇ ಆಟ ಮಾಡುತ್ತಾನೆ, ಜಿಮ್‌ಗೆ ಆಗಲೇ ಬಿಡುಗಡೆ ಆಗಿದೆ ಎಂದು ಗೊತ್ತಿದ್ದೂ. ನನಗೆ ಆ ಭಾಗ ಇವತ್ತಿಗೂ ಸಹಿಸಲು ಕಷ್ಟ. ಪರ್ಸಿವಲ್ ಎವರೆಟ್ 2024ರಲ್ಲಿ ಇದೇ ಕಥೆಯನ್ನು ಜಿಮ್‌ನ ಬಾಯಲ್ಲಿ ಹೇಳಿಸಿದ್ದಾರೆ, 'ಜೇಮ್ಸ್' ಎಂಬ ಕಾದಂಬರಿಯಲ್ಲಿ. ಅಲ್ಲಿ ಗುಲಾಮರು ಬಿಳಿಯರ ಎದುರು ಬೇಕೆಂದೇ ಹರಕು ಭಾಷೆ ಆಡುತ್ತಾರೆ, ಹಾಗೆ ಆಡುವುದನ್ನು ಮಕ್ಕಳಿಗೆ ಪಾಠದ ಥರ ಕಲಿಸುತ್ತಾರೆ. 2025ರ ಪುಲಿಟ್ಜರ್ ಪ್ರಶಸ್ತಿ ಅದಕ್ಕೆ ಬಂತು. ಎರಡನ್ನೂ ಒಂದರ ಹಿಂದೆ ಒಂದು ಓದಿ.

'ಮಾಕಿಂಗ್‌ಬರ್ಡ್' ಓದುವಾಗ ಒಂದು ಸಣ್ಣ ಕೆಲಸ ಮಾಡಿ. ಬಿಳಿಯರು ಯಾರೂ ಇಲ್ಲದ ಜಾಗದಲ್ಲಿ ಕಪ್ಪು ಪಾತ್ರಗಳು ಮಾತಾಡುವ ಪುಟಗಳನ್ನು ಗುರುತು ಮಾಡಿ. ಕಥೆ ಹೇಳುವವಳು ಬಿಳಿ ಹುಡುಗಿ ಸ್ಕೌಟ್, ಹಾಗಾಗಿ ಅಂಥ ಪುಟ ಇರುವುದೇ ಸಾಧ್ಯವಿಲ್ಲ. ಹತ್ತಿರ ಬರುವುದು 12ನೇ ಅಧ್ಯಾಯ: ಅಡುಗೆಯಾಕೆ ಕ್ಯಾಲ್ಪರ್ನಿಯಾ ಮಕ್ಕಳನ್ನು ತನ್ನ ಚರ್ಚಿಗೆ ಕರೆದೊಯ್ಯುತ್ತಾಳೆ, ಅಲ್ಲಿ ಅವಳ ಮಾತಿನ ರೀತಿಯೇ ಬದಲಾಗುತ್ತದೆ. ಇವಳಿಗೆ ನಮ್ಮ ಮನೆಯ ಹೊರಗೆ ಇನ್ನೊಂದು ಬದುಕಿದೆ ಎಂದು ಸ್ಕೌಟ್‌ಗೆ ಆಗ ಹೊಳೆಯುತ್ತದೆ. ಬಿಳಿ ಹೆಣ್ಣಿನ ಮೇಲೆ ಅತ್ಯಾಚಾರ ಮಾಡಿದನೆಂಬ ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್ ಮಾತಾಡುವುದು ಹೆಚ್ಚುಕಡಿಮೆ ಕೋರ್ಟಿನ ಕಟಕಟೆಯಲ್ಲಿ ಮಾತ್ರ. ಜೀವ ಹೋದದ್ದು ಅವನದು, ಪಾಠ ಕಲಿತದ್ದು ಸ್ಕೌಟ್. ಈ ಲೆಕ್ಕವನ್ನು ಯಾವ ಪುಸ್ತಕದ ಮೇಲೆ ಬೇಕಾದರೂ ಹಾಕಿ ನೋಡಿ.

ಹಂತ 4: ಮನೆ ಬಾಡಿಗೆಯ ಕಡೆ ನೋಡಿ

ಇದು ಮುಖ್ಯವಾದ ಹಂತ. ಜನ ಜಾಸ್ತಿ ಹಾರಿಸುವುದೂ ಇದನ್ನೇ.

ರಿಚರ್ಡ್ ರೈಟ್ ಅವರ 'ನೇಟಿವ್ ಸನ್' 1940ರಲ್ಲಿ ಬಂತು. ಷಿಕಾಗೋದ ದಕ್ಷಿಣ ಭಾಗದಲ್ಲಿ ಒಂದೇ ಕೋಣೆಯಲ್ಲಿ ಬಿಗ್ಗರ್ ಥಾಮಸ್, ಅಮ್ಮ, ತಮ್ಮ, ತಂಗಿ. ಮೊದಲ ದೃಶ್ಯದಲ್ಲೇ ಕೋಣೆಗೆ ಹೆಗ್ಗಣ ನುಗ್ಗುತ್ತದೆ. ಆಮೇಲೆ ಬಿಗ್ಗರ್ ಡಾಲ್ಟನ್ ಎಂಬ ಶ್ರೀಮಂತನ ಮನೆಗೆ ಡ್ರೈವರ್ ಆಗಿ ಸೇರುತ್ತಾನೆ. ಅಲ್ಲಿ ಕೊಲೆಯಾಗುತ್ತದೆ, ವಿಚಾರಣೆಯಾಗುತ್ತದೆ. ಓದುಗರೆಲ್ಲ ಕೊಲೆಯ ಹಿಂದೆ ಓಡುತ್ತಾರೆ. ನೀವು ವಿಚಾರಣೆಯ ಒಂದು ಭಾಗದಲ್ಲಿ ನಿಂತುಕೊಳ್ಳಿ. ವಕೀಲ ಮ್ಯಾಕ್ಸ್ ಡಾಲ್ಟನ್‌ಗೆ ಪ್ರಶ್ನೆ ಕೇಳುತ್ತಾನೆ. ಆ ಹೆಗ್ಗಣದ ಕೋಣೆಯನ್ನು ಬಾಡಿಗೆಗೆ ಕೊಟ್ಟ ಕಂಪನಿಯಲ್ಲಿ ದೊಡ್ಡ ಪಾಲು ಡಾಲ್ಟನ್‌ನದೇ ಎಂದು ಹೊರಬರುತ್ತದೆ. ಕಪ್ಪು ಜನರಿಗೆ ಬಾಡಿಗೆ ಜಾಸ್ತಿ ಯಾಕೆ? ಊರಿನ ಬೇರೆ ಕಡೆ ಅವರಿಗೆ ಮನೆ ಕೊಡುವುದಿಲ್ಲ ಯಾಕೆ? ಮನೆಗಳ ಕೊರತೆ ಇದೆ, ಅದು ಹಳೆಯ ರೂಢಿ ಎಂಬಂಥ ಉತ್ತರಗಳು. ಇದೇ ಡಾಲ್ಟನ್ ಕಪ್ಪು ಜನರ ಶಾಲೆಗಳಿಗೆ ಕೈ ಎತ್ತಿ ದಾನ ಮಾಡುವವನು, ಹುಡುಗರ ಕ್ಲಬ್ಬಿಗೆ ಪಿಂಗ್‌ಪಾಂಗ್ ಮೇಜು ಕಳಿಸಿದವನು. ಅವನು ಕೆಟ್ಟವನೇ? ಕೇಳಿದರೆ ಊರೆಲ್ಲ ಅವನನ್ನು ದೇವರಂಥ ಮನುಷ್ಯ ಎನ್ನುತ್ತದೆ. ರೈಟ್ ತೋರಿಸಲು ಹೊರಟದ್ದು ಅದನ್ನೇ.

ಇದರ ಜೊತೆಗೆ ಲೊರೇನ್ ಹಾನ್ಸ್‌ಬೆರಿ ಅವರ 'ಎ ರೈಸಿನ್ ಇನ್ ದ ಸನ್' ನಾಟಕ ಓದಿ. 1959ರದು, ಕಪ್ಪು ಮಹಿಳೆ ಬರೆದು ಬ್ರಾಡ್‌ವೇಯಲ್ಲಿ ಆಡಿದ ಮೊದಲ ನಾಟಕ. ತೀರಿಕೊಂಡ ಅಪ್ಪನ ವಿಮೆಯ 10,000 ಡಾಲರ್ ಬರುತ್ತದೆ. ಅದರಲ್ಲಿ ಸ್ವಲ್ಪ ಮುಂಗಡ ಕೊಟ್ಟು ಅಮ್ಮ ಬಿಳಿಯರ ಬಡಾವಣೆಯಲ್ಲಿ ಮನೆ ಹಿಡಿಯುತ್ತಾಳೆ. ಅಲ್ಲೇ ಯಾಕೆ? ಕಪ್ಪು ಜನರಿಗೆಂದು ಕಟ್ಟಿದ ಮನೆಗಳ ಬೆಲೆ ಎರಡರಷ್ಟು ಎನ್ನುತ್ತಾಳೆ. ಹೋರಾಟ ಮಾಡಲು ಹೊರಟವಳಲ್ಲ ಅವಳು, ಕೈಯಲ್ಲಿರುವ ದುಡ್ಡಿಗೆ ಒಂದು ಸೂರು ಹುಡುಕಿದವಳು. ಆಗ ಬರುತ್ತಾನೆ ಲಿಂಡ್ನರ್, ಬಡಾವಣೆಯ ಸಂಘದ ಪ್ರತಿನಿಧಿ. ನಯವಾಗಿ ಮಾತಾಡುತ್ತಾನೆ, ಟೋಪಿ ಕೈಯಲ್ಲಿ ಹಿಡಿದು ಕೂರುತ್ತಾನೆ. ನಮ್ಮಲ್ಲಿ ಯಾರಿಗೂ ದ್ವೇಷ ಇಲ್ಲ, ಆದರೆ ಅವರವರ ಜನರ ಜೊತೆ ಅವರವರು ಇದ್ದರೆ ಸುಖ ಎಂಬ ಧಾಟಿ. ಮನೆಯನ್ನು ಲಾಭ ಕೊಟ್ಟು ವಾಪಸು ಕೊಳ್ಳುತ್ತೇವೆ ಎನ್ನುತ್ತಾನೆ. ಇಡೀ ನಾಟಕದಲ್ಲಿ ಇರುವ ಬಿಳಿ ಪಾತ್ರ ಅವನೊಬ್ಬನೇ, ಒಂದು ಕೆಟ್ಟ ಮಾತೂ ಆಡುವುದಿಲ್ಲ.

ಈ ಎರಡೂ ಪುಸ್ತಕಗಳ ಹಿಂದೆ ಇರುವ ಏರ್ಪಾಡು ಕಾಗದದ ಮೇಲಿತ್ತು. "ರೆಸ್ಟ್ರಿಕ್ಟಿವ್ ಕವನೆಂಟ್" ಎಂದರೆ ಈ ಮನೆಯನ್ನು ಕಪ್ಪು ಜನರಿಗೆ ಮಾರುವುದಿಲ್ಲ, ಬಾಡಿಗೆ ಕೊಡುವುದಿಲ್ಲ ಎಂದು ಮಾಲೀಕರು ಮಾಡಿಕೊಂಡ ಕರಾರು. 1948ರ ತನಕ ಇಂಥ ಕರಾರುಗಳನ್ನು ಕೋರ್ಟುಗಳು ಜಾರಿ ಮಾಡುತ್ತಿದ್ದವು. "ರೆಡ್‌ಲೈನಿಂಗ್" ಎಂದರೆ 1930ರ ದಶಕದಲ್ಲಿ ಸರ್ಕಾರಿ ಸಂಸ್ಥೆಯೊಂದು ನಗರಗಳ ನಕ್ಷೆಯಲ್ಲಿ ಕಪ್ಪು ಜನರ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿ, ಇಲ್ಲಿ ಸಾಲ ಕೊಟ್ಟರೆ ಅಪಾಯ ಎಂದು ಗುರುತು ಮಾಡಿದ್ದು. ಹಾನ್ಸ್‌ಬೆರಿ ಇದನ್ನು ಕೇಳಿ ಬರೆದವರಲ್ಲ. ಅವರ ಅಪ್ಪ ಷಿಕಾಗೋದ ಅಂಥ ಬಡಾವಣೆಯಲ್ಲಿ ಮನೆ ಕೊಂಡಾಗ ಗುಂಪು ಸೇರಿ ಮನೆಗೆ ಇಟ್ಟಿಗೆ ಎಸೆದಿತ್ತು. ಕೇಸು ಸುಪ್ರೀಂ ಕೋರ್ಟಿನ ತನಕ ಹೋಗಿ 1940ರಲ್ಲಿ ಅವರ ಪರ ತೀರ್ಪು ಬಂತು, ಆದರೆ ಬೇರೆ ತಾಂತ್ರಿಕ ಕಾರಣದ ಮೇಲೆ. ಕರಾರು ತಪ್ಪು ಎಂದು ಆಗಲೂ ಕೋರ್ಟ್ ಹೇಳಲಿಲ್ಲ.

ಎಡವುವ ಜಾಗ: "ಬಿಗ್ಗರ್ ಕೊಲೆಗಾರ, ಅವನ ಮೇಲೆ ಅನುಕಂಪ ಯಾಕೆ?" ಎಂಬ ಚರ್ಚೆಯಲ್ಲೇ ಮುಳುಗುವುದು. ರೈಟ್ ಅನುಕಂಪ ಬೇಡ ಎಂದೇ ಆ ಪಾತ್ರವನ್ನು ಹಾಗೆ ಕಟ್ಟಿದ್ದು. ತಮ್ಮ ಹಿಂದಿನ ಪುಸ್ತಕ ಓದಿ ಶ್ರೀಮಂತರ ಹೆಣ್ಣುಮಕ್ಕಳು ಅತ್ತು ಹಗುರಾದದ್ದನ್ನು ನೋಡಿ, ಈ ಸಲ ಯಾರಿಗೂ ಅಳಲು ಬಿಡುವುದಿಲ್ಲ ಎಂದು ತೀರ್ಮಾನಿಸಿದ್ದಾಗಿ ಅವರೇ ಹೇಳಿಕೊಂಡಿದ್ದಾರೆ.

ಹಂತ 5: ತಾರತಮ್ಯ ಒಳಗೆ ಇಳಿದ ಮೇಲೆ

ಕಪ್ಪು ಚಿಂತಕ ಡಬ್ಲ್ಯು.ಇ.ಬಿ. ಡುಬಾಯ್ಸ್ 1903ರ 'ದ ಸೋಲ್ಸ್ ಆಫ್ ಬ್ಲ್ಯಾಕ್ ಫೋಕ್' ಪುಸ್ತಕದಲ್ಲಿ "ಡಬಲ್ ಕಾನ್ಷಿಯಸ್‌ನೆಸ್" ಎಂಬ ಮಾತು ಬಳಸುತ್ತಾರೆ. ಸರಳವಾಗಿ ಹೇಳಿದರೆ, ತನ್ನನ್ನು ತಾನು ಯಾವಾಗಲೂ ತನ್ನನ್ನು ಕೀಳಾಗಿ ಕಾಣುವವರ ಕಣ್ಣಿನಿಂದಲೇ ನೋಡಿಕೊಳ್ಳುವ ಸ್ಥಿತಿ. ಪರೀಕ್ಷೆಗೆ ಓದುವವರು ಈ ವ್ಯಾಖ್ಯೆಯನ್ನು ಬಾಯಿಪಾಠ ಮಾಡುತ್ತಾರೆ. ಅದರ ಬದಲು ಟೋನಿ ಮಾರಿಸನ್ ಅವರ 'ದ ಬ್ಲೂಯೆಸ್ಟ್ ಐ' (1970) ತೆಗೆದುಕೊಂಡು ಅಂಗಡಿಯ ದೃಶ್ಯ ಓದಿ. ಪಿಕೋಲಾ ಎಂಬ 11 ವರ್ಷದ ಕಪ್ಪು ಹುಡುಗಿ ಮೂರು ಕಾಸು ಹಿಡಿದು ಮಿಠಾಯಿಗೆ ಹೋಗುತ್ತಾಳೆ. ಅಂಗಡಿಯವನ ಕಣ್ಣು ಅವಳ ಮೇಲೆ ಬೀಳುತ್ತದೆ, ಆದರೆ ಅವಳು ಅವನಿಗೆ ಕಾಣುವುದೇ ಇಲ್ಲ. ದುಡ್ಡು ತೆಗೆದುಕೊಳ್ಳುವಾಗ ಅವಳ ಕೈ ತಾಗುತ್ತದಲ್ಲ ಎಂದು ಹಿಂಜರಿಯುತ್ತಾನೆ. ಅಷ್ಟೇ ನಡೆಯುವುದು. ಆ ಹುಡುಗಿ ದಿನಾ ರಾತ್ರಿ ದೇವರಲ್ಲಿ ನೀಲಿ ಕಣ್ಣು ಕೇಳುವುದು ಯಾಕೆ ಎಂದು ಆಗ ಗೊತ್ತಾಗುತ್ತದೆ.

ಎಚ್ಚರಿಕೆ: ಈ ಪುಸ್ತಕದಲ್ಲಿ ಅಪ್ಪನೇ ಮಗಳ ಮೇಲೆ ಮಾಡುವ ಲೈಂಗಿಕ ದೌರ್ಜನ್ಯ ಇದೆ. ಶುರುವಿನಲ್ಲೇ ಅದನ್ನು ಹೇಳಿಬಿಡುತ್ತಾರೆ. ಚಿಕ್ಕ ಮಕ್ಕಳ ಕೈಗೆ ಕೊಡುವ ಮೊದಲು ನೀವು ಪೂರ್ತಿ ಓದಿ. 'ಬಿಲವೆಡ್'ಗೂ ಇದೇ ಮಾತು.

ರಾಲ್ಫ್ ಎಲಿಸನ್ ಅವರ 'ಇನ್‌ವಿಸಿಬಲ್ ಮ್ಯಾನ್' (1952) ದಪ್ಪ ಪುಸ್ತಕ. ಪೂರ್ತಿ ಓದಲು ಈಗಲೇ ಆಗದಿದ್ದರೆ ಎರಡು ಭಾಗ ಸಾಕು: ಊರ ಗಣ್ಯರ ಮುಂದೆ ಕಪ್ಪು ಹುಡುಗರ ಕಣ್ಣು ಕಟ್ಟಿ ಹೊಡೆದಾಡಿಸುವ ಮೊದಲ ಅಧ್ಯಾಯ, ಮತ್ತೆ ಬಣ್ಣದ ಕಾರ್ಖಾನೆಯ ಅಧ್ಯಾಯ. ಅಲ್ಲಿ ಅಚ್ಚ ಬಿಳಿ ಬಣ್ಣ ತಯಾರಾಗಲು ಪ್ರತಿ ಡಬ್ಬಿಗೂ ಹತ್ತು ಹನಿ ಕಪ್ಪು ದ್ರವ ಹಾಕಿ ಕಲಕಬೇಕು. ಎಲಿಸನ್ ತಮಾಷೆಗಾರ. ಈ ಸಾಹಿತ್ಯದಲ್ಲಿ ನಗುವಿಗೆ ಜಾಗವಿಲ್ಲ ಎಂದುಕೊಂಡವರಿಗೆ ಅವರನ್ನು ಕೊಡಬೇಕು.

ಹಂತ 6: ಬೈಗುಳ ಮತ್ತು ಆಡುಮಾತು

ಟ್ವೇನ್ ಕಾದಂಬರಿಯಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಪದ 200ಕ್ಕೂ ಹೆಚ್ಚು ಸಲ ಬರುತ್ತದೆ. 2011ರಲ್ಲಿ ಅಲಬಾಮಾದ ಒಂದು ಪ್ರಕಾಶನ ಅದನ್ನು ತೆಗೆದು "ಸ್ಲೇವ್" ಎಂದು ಹಾಕಿ ಮುದ್ರಿಸಿತು, ದೊಡ್ಡ ಗಲಾಟೆಯಾಯಿತು. ನಿಮ್ಮ ಓದಿನ ಗುಂಪಿನಲ್ಲಿ ಗಟ್ಟಿಯಾಗಿ ಓದುವಾಗ ಅದನ್ನು ಉಚ್ಚರಿಸಬೇಡಿ, "ಎನ್-ಪದ" ಎಂದು ಹೇಳಿ ಮುಂದೆ ಹೋಗಿ. ಮೌನವಾಗಿ ಓದುವಾಗ ಯಾರು ಯಾರಿಗೆ, ಯಾವ ದನಿಯಲ್ಲಿ ಹೇಳಿದರು ಎಂದು ಗಮನಿಸಿ. ಹಾಡು, ಸಿನಿಮಾದಲ್ಲಿ ಅವರವರೇ ಬಳಸುತ್ತಾರಲ್ಲ ಎಂದು ನೀವು ಬಳಸಲು ಹೋಗಬೇಡಿ. ಅಮೆರಿಕದಲ್ಲಿರುವ ನಮ್ಮ ಮಕ್ಕಳಿಗೆ ಇದನ್ನು ಒತ್ತಿ ಹೇಳಬೇಕು.

ಆಡುಮಾತಿನ ಇಂಗ್ಲಿಷ್ ಕಣ್ಣಿಗೆ ಕಷ್ಟ, ಕಿವಿಗೆ ಸುಲಭ. ಬಾಯಿಬಿಟ್ಟು ಓದಿ. ಇಲ್ಲದಿದ್ದರೆ ಆಡಿಯೋ ಪುಸ್ತಕ ಹಾಕಿಕೊಂಡು ಪುಟ ತಿರುಗಿಸಿ.

ಹಂತ 7: ಬಿಳಿಯರು ನಡುಮಧ್ಯೆ ಇಲ್ಲದ ಪುಸ್ತಕ ಒಂದನ್ನಾದರೂ ಓದಿ

ನಾಲ್ಕಾರು ಪುಸ್ತಕ ಆದ ಮೇಲೆ ಕಪ್ಪು ಜನರೆಂದರೆ ಬರೀ ಏಟು ತಿನ್ನುವವರು ಎಂಬ ಚಿತ್ರ ತಲೆಯಲ್ಲಿ ಕೂತುಬಿಡುತ್ತದೆ. ಅದೂ ಒಂದು ಥರದ ತಾರತಮ್ಯವೇ. ಅದಕ್ಕೆ ಝೋರಾ ನೀಲ್ ಹರ್ಸ್‌ಟನ್ ಅವರ 'ದೇರ್ ಐಸ್ ವರ್ ವಾಚಿಂಗ್ ಗಾಡ್' (1937) ಓದಿ. ಫ್ಲಾರಿಡಾದ ಈಟನ್‌ವಿಲ್, ಮೇಯರ್‌ನಿಂದ ಹಿಡಿದು ಎಲ್ಲರೂ ಕಪ್ಪು ಜನರೇ ಇರುವ ಊರು. ಜಾನಿ ಎಂಬ ಹೆಂಗಸಿನ ಮೂರು ಮದುವೆ, ಅವಳ ಆಸೆ, ಅಂಗಡಿ ಜಗಲಿಯ ಹರಟೆ. ರೈಟ್ ಇದನ್ನು ಹಗುರ ಪುಸ್ತಕ ಎಂದು ಬೈದರು. ಹರ್ಸ್‌ಟನ್ ಬಡತನದಲ್ಲಿ ಸತ್ತರು, ಹೆಸರಿನ ಕಲ್ಲೂ ಇರಲಿಲ್ಲ. 1973ರಲ್ಲಿ ಲೇಖಕಿ ಆಲಿಸ್ ವಾಕರ್ ಹುಡುಕಿಕೊಂಡು ಹೋಗಿ ಕಲ್ಲು ಹಾಕಿಸಿದರು. ರೈಟ್ ಆ ಕಾದಂಬರಿಯ ಕೊನೆಯ ಭಾಗವನ್ನು ಅವಸರದಲ್ಲಿ ಓದಿರಬೇಕು ಎಂದು ನನಗೆ ಅನ್ನಿಸುತ್ತದೆ. ಚಂಡಮಾರುತದಲ್ಲಿ ಸತ್ತವರನ್ನು ಹೂಳುವಾಗ ಬಿಳಿಯರಿಗೆ ಪೆಟ್ಟಿಗೆ, ಕಪ್ಪು ಜನರಿಗೆ ಗುಂಡಿ. ಹೆಣ ಕೊಳೆತು ಬಣ್ಣ ಗೊತ್ತಾಗದಿದ್ದರೆ ಕೂದಲು ನೋಡಿ ಬೇರೆ ಮಾಡಿ ಎಂದು ಆಜ್ಞೆ.

ಹಂತ 8: ನಮ್ಮ ಜಾತಿಗೆ ಹೋಲಿಸುವಾಗ

ಕನ್ನಡದ ಓದುಗರಿಗೆ ಈ ಹೋಲಿಕೆ ಬಂದೇ ಬರುತ್ತದೆ. ತಪ್ಪೇನಿಲ್ಲ. ಜೋತಿಬಾ ಫುಲೆ 1873ರ 'ಗುಲಾಮಗಿರಿ'ಯನ್ನು ಗುಲಾಮಗಿರಿ ಕೊನೆಗಾಣಿಸಿದ ಅಮೆರಿಕದ ಜನರಿಗೆ ಅರ್ಪಿಸಿದರು. ಅಂಬೇಡ್ಕರ್ 1946ರಲ್ಲಿ ಡುಬಾಯ್ಸ್ ಅವರಿಗೆ ಪತ್ರ ಬರೆದು, ಕಪ್ಪು ಜನರ ಪರವಾಗಿ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕೇಳಿದರು. ಡುಬಾಯ್ಸ್ ಉತ್ತರಿಸಿದರು. 1972ರಲ್ಲಿ ಮುಂಬೈಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಹೆಸರು ಪಡೆದದ್ದು ಅಮೆರಿಕದ ಬ್ಲ್ಯಾಕ್ ಪ್ಯಾಂಥರ್ಸ್‌ನಿಂದ.

ಆದರೆ "ಎರಡೂ ಒಂದೇ" ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಅಡುಗೆಮನೆ ನೋಡಿ. ಅಮೆರಿಕದ ದಕ್ಷಿಣದಲ್ಲಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡಿದವಳು, ಮಗುವಿಗೆ ಹಾಲೂಡಿಸಿದವಳು ಕಪ್ಪು ಹೆಂಗಸು. ಮೇಜಿನಲ್ಲಿ ಜೊತೆಗೆ ಕೂರುವಂತಿರಲಿಲ್ಲ. ನಮ್ಮಲ್ಲಿ ಅಡುಗೆಮನೆಯ ಹೊಸಿಲೇ ದಾಟುವಂತಿರಲಿಲ್ಲ. ಅಲ್ಲಿ ಮೈಬಣ್ಣ ನೋಡಿದರೆ ಸಾಕು, ಇಲ್ಲಿ ಹೆಸರು, ಕೇರಿ ಕೇಳಬೇಕು. ಇಂಥ ವ್ಯತ್ಯಾಸ ಬರೆದರೆ ಹೋಲಿಕೆಗೆ ಬೆಲೆ ಬರುತ್ತದೆ.

ಇನ್ನೂ ಹತ್ತಿರದ್ದು ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆ ಇರುವ ಸಿದ್ದಿಗಳು ಆಫ್ರಿಕಾ ಮೂಲದವರು. ಅವರಲ್ಲಿ ಬಹಳ ಜನರ ಹಿರಿಯರನ್ನು ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ಕನ್ನಡ, ಕೊಂಕಣಿ ಆಡುವ ಇವರನ್ನು ಬಸ್ಸಿನಲ್ಲಿ "ಯಾವ ದೇಶ?" ಎಂದು ಕೇಳುವವರು ಈಗಲೂ ಇದ್ದಾರೆ. 2016ರಲ್ಲಿ ಬೆಂಗಳೂರಿನಲ್ಲಿ ಗುಂಪೊಂದು ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಹಲ್ಲೆ ಮಾಡಿತು. ಅದಕ್ಕೂ ಮೊದಲು ನಡೆದಿದ್ದ ಕಾರು ಅಪಘಾತದ ಸಿಟ್ಟು ಅದು, ಆದರೆ ಅಪಘಾತ ಮಾಡಿದ್ದು ಸುಡಾನಿನ ಬೇರೊಬ್ಬ. ಬಣ್ಣ ಒಂದೇ ಎಂಬುದಷ್ಟೇ ಸಾಕಾಗಿತ್ತು. ಬಾಡಿಗೆಗೆ ಮನೆ ಇದೆ ಎಂದು ಬೋರ್ಡು ಹಾಕಿ, ಬಂದವರ ಬಣ್ಣ, ಹೆಸರು, ಊಟ ನೋಡಿದ ಮೇಲೆ "ಅಯ್ಯೋ, ಈಗಷ್ಟೇ ಬೇರೆಯವರು ಅಡ್ವಾನ್ಸ್ ಕೊಟ್ಟರು" ಎನ್ನುವವರಿಗೆ ಲಿಂಡ್ನರ್ ದೂರದವನೇನಲ್ಲ.

ಹಂತ 9: ಬರೆಯುವುದು, ಚರ್ಚೆ ಮಾಡುವುದು

ಪ್ರಬಂಧ ಬರೆಯುವವರು "ಈ ಕೃತಿ ವರ್ಣಭೇದವನ್ನು ಮನಕಲಕುವಂತೆ ಚಿತ್ರಿಸುತ್ತದೆ" ಎಂಬ ವಾಕ್ಯವನ್ನು ಹೊಡೆದುಹಾಕಿ. ಅದು ಎಲ್ಲ ಕೃತಿಗೂ ಹೊಂದುತ್ತದೆ. ಒಂದು ದೃಶ್ಯ ಆರಿಸಿ. ಅಲ್ಲಿ ಯಾರು ಏನನ್ನು ಪಡೆಯಲು ಬಂದರು, ಯಾರು ತಡೆದರು, ತಡೆಯಲು ಕಾನೂನು ಬಳಸಿದರೋ ದುಡ್ಡೋ ನಯದ ಮಾತೋ, ತಡೆದವರಿಗೆ ಏನು ಉಳಿಯಿತು ಎಂದು ಬರೆಯಿರಿ. ಇಷ್ಟಕ್ಕೇ ಎರಡು ಪುಟ ಆಗುತ್ತದೆ. ಮನೆಯಲ್ಲಿ ಮಕ್ಕಳ ಜೊತೆ ಮಾತಾಡುವವರಿಗೂ ಇದೇ ಪ್ರಶ್ನೆಗಳು ಸಾಕು, ಥಿಯರಿ ಬೇಡ. ತರಗತಿಯಲ್ಲಿ ಕಪ್ಪು ಮಗು ಒಂದೇ ಇದ್ದರೆ, "ನಿನಗೆ ಏನನ್ನಿಸಿತು?" ಎಂದು ಎಲ್ಲರೂ ಅದರ ಕಡೆ ತಿರುಗುತ್ತಾರೆ. ಹಾಗೆ ಮಾಡಬಾರದು ಎಂದು ನಿಮ್ಮ ಮಗುವಿಗೆ ಮೊದಲೇ ಹೇಳಿಕೊಡಿ.

ಪುರುಸೊತ್ತು ಕಡಿಮೆ ಇದ್ದರೆ ಡಗ್ಲಸ್, 'ರೈಸಿನ್', 'ಬ್ಲೂಯೆಸ್ಟ್ ಐ' ಈ ಮೂರನ್ನು ಇದೇ ಸಾಲಿನಲ್ಲಿ ಓದಿ. ಮೂರೂ ಸಣ್ಣವು. 'ಬಿಲವೆಡ್' ಮೊದಲ ಓದಿಗೆ ಬಿಗಿಯಾಗಿ ಅನ್ನಿಸಿದರೆ ಪಕ್ಕಕ್ಕಿಡಿ, ಜೇಕಬ್ಸ್ ಓದಿ ಮುಗಿಸಿ ಮತ್ತೆ ತೆಗೆಯಿರಿ.